ಅಫ್ಘಾನಿಸ್ತಾನ ಪೇಪರ್ಸ್ ರಿವ್ಯೂ: ರಿಟೈರ್ ಆದ್ಮೇಲೆ ಜನರಲ್‌ಗಳು ಬಾಯ್ಬಿಟ್ಟಿದ್ದು

ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ಇದನ್ನೇ ಓದ್ತಿದೀನಿ, ಇನ್ನೂ ಪೂರ್ತಿ ಮುಗಿದಿಲ್ಲ, ಆದ್ರೂ ಬರೀಲೇಬೇಕು ಅನ್ನಿಸ್ತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯವರು 2019ರ ಡಿಸೆಂಬರ್ 9ಕ್ಕೆ ಆನ್‌ಲೈನ್‌ನಲ್ಲಿ ಹಾಕಿದ ದಾಖಲೆಗಳ ಸಂಗ್ರಹ ಇದು, ಎರಡು ಸಾವಿರಕ್ಕೂ ಜಾಸ್ತಿ ಪುಟ. ಅಮೆರಿಕದ ಅಫ್ಘಾನಿಸ್ತಾನ ಯುದ್ಧ ನಡೆಸಿದವರು, ಪ್ಲಾನ್ ಮಾಡಿದವರು, ದುಡ್ಡು ಹಂಚಿದವರು ಎಲ್ಲರೂ ಸೇರಿ ನಾನೂರಕ್ಕೂ ಹೆಚ್ಚು ಜನ ಕೊಟ್ಟ ಇಂಟರ್‌ವ್ಯೂಗಳು. ನಾನು ಹುಡುಕ್ಕೊಂಡು ಹೋಗಿದ್ದು ಮಾತ್ರ ಜನರಲ್‌ಗಳ ಮಾತಿಗೆ. ಯುದ್ಧಕ್ಕೆ ಹೋಗಿ ಬಂದು, ಯೂನಿಫಾರ್ಮ್ ಬಿಚ್ಚಿಟ್ಟ ಮೇಲೆ ಅದೇ ಯುದ್ಧದ ಬಗ್ಗೆ ಏನು ಹೇಳ್ತಾರೆ ಅನ್ನೋದು ನಂಗೆ ಬೇಕಿತ್ತು.

ಇದು ಎಲ್ಲಿಂದ ಬಂತು ಅನ್ನೋದನ್ನ ಮೊದಲು ಹೇಳ್ಬಿಡ್ತೀನಿ, ಅದು ಗೊತ್ತಿಲ್ದೆ ಓದಿದ್ರೆ ಅರ್ಧ ಅರ್ಥ ಆಗಲ್ಲ. ಅಫ್ಘಾನಿಸ್ತಾನ ಕಟ್ಟೋಕೆ ಅಂತ ಸುರಿದ ದುಡ್ಡಿನ ಮೇಲೆ ಕಣ್ಣಿಡೋಕೆ ಅಮೆರಿಕದ ಕಾಂಗ್ರೆಸ್ 2008ರಲ್ಲಿ ಸಿಗಾರ್ ಅನ್ನೋ ತನಿಖಾ ಕಚೇರಿ ಮಾಡ್ತು. ಅವರು ಸುಮಾರು 1.1 ಕೋಟಿ ಡಾಲರ್ ಖರ್ಚಲ್ಲಿ, ಎಲ್ಲಿ ತಪ್ಪಾಯ್ತು, ಮುಂದಕ್ಕೆ ಏನು ಪಾಠ ಅಂತ ತಿಳ್ಕೊಳ್ಳೋಕೆ 2014ರಿಂದ 2018ರವರೆಗೆ ಈ ಇಂಟರ್‌ವ್ಯೂ ಮಾಡಿದ್ರು. ಅದರ ಮೇಲೆ ರಿಪೋರ್ಟ್‌ಗಳೂ ಬಂದ್ವು, ಆದ್ರೆ ಅವು ಸರ್ಕಾರಿ ಭಾಷೆಯ ಒಣ ರಿಪೋರ್ಟ್‌ಗಳು, ಖಾರವಾಗಿ ಮಾತಾಡಿದ್ದೆಲ್ಲಾ ಅದರಲ್ಲಿ ಬಿಟ್ಟುಹೋಗಿತ್ತು. ಪತ್ರಿಕೆಯವರು ಮೂಲ ಇಂಟರ್‌ವ್ಯೂಗಳೇ ಬೇಕು ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಎರಡು ಸಲ ಕೋರ್ಟಿಗೆ ಹೋಗಿ, ಮೂರು ವರ್ಷ ಗುದ್ದಾಡಿ ತಗೊಂಡ್ರು. ಅಷ್ಟು ಕಷ್ಟಪಟ್ಟು ಹೊರಗೆ ತಂದಿದ್ದಕ್ಕೆ ಅವರಿಗೆ ಕೈ ಮುಗೀಬೇಕು.

ಈಗ ಒಳಗಿರೋದಕ್ಕೆ ಬರ್ತೀನಿ. ಶುರು ಮಾಡೋರು ಡಗ್ಲಸ್ ಲೂಟ್ ಇಂಟರ್‌ವ್ಯೂಯಿಂದ ಶುರು ಮಾಡಿ. ಮೂರು ಸ್ಟಾರಿನ ಲೆಫ್ಟಿನೆಂಟ್ ಜನರಲ್, 2007ರಿಂದ ಬುಷ್ ಹತ್ರ, ಆಮೇಲೆ ಒಬಾಮಾ ಹತ್ರ, ವೈಟ್ ಹೌಸಲ್ಲೇ ಕೂತು ಈ ಯುದ್ಧ ನೋಡ್ಕೊಂಡವರು. ಪೇಪರ್‌ನವರು ವಾರ್ ಜಾರ್, ಅಂದ್ರೆ ಯುದ್ಧದ ದೊರೆ, ಅಂತಾನೇ ಕರೀತಿದ್ರು. ಅಂಥ ಮನುಷ್ಯ 2015ರಲ್ಲಿ ಕೂತು ಹೇಳ್ತಾರೆ, ನಮಗೆ ಅಫ್ಘಾನಿಸ್ತಾನದ ಬಗ್ಗೆ ಬೇಸಿಕ್ ತಿಳುವಳಿಕೆನೇ ಇರ್ಲಿಲ್ಲ, ನಾವು ಏನ್ ಮಾಡ್ತಿದೀವಿ ಅನ್ನೋದೇ ನಮಗೆ ಗೊತ್ತಿರ್ಲಿಲ್ಲ ಅಂತ. ಇದನ್ನ ಓದಿ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೊರಗಿನವರು ಟೀಕೆ ಮಾಡೋದು ಬೇರೆ, ಪ್ರೆಸಿಡೆಂಟ್ ಪಕ್ಕದಲ್ಲಿ ಕೂತು ಆರು ವರ್ಷ ನಡೆಸಿದವರೇ ಹೀಗಂದ್ರೆ, ಅವರ ಆರ್ಡರ್ ಮೇಲೆ ಹೋದ ಹುಡುಗರ ಅಪ್ಪ ಅಮ್ಮ ಇದನ್ನ ಹೇಗೆ ಓದ್ತಾರೆ?

ಎರಡನೇದು ಡ್ಯಾನ್ ಮೆಕ್‌ನೀಲ್. ಈ ಹೆಸರು ತುಂಬ ಜನಕ್ಕೆ ಗೊತ್ತಿಲ್ಲ, ಆದ್ರೆ ಇಡೀ ಸಂಗ್ರಹದಲ್ಲಿ ನನ್ನ ಮನಸ್ಸಲ್ಲಿ ಉಳಿದಿರೋದು ಇವರೇ. ಎರಡು ಸಲ ಅಲ್ಲಿ ಕಮಾಂಡರ್ ಆಗಿದ್ರು, 2002-03ರಲ್ಲಿ ಒಂದ್ಸಲ, 2007-08ರಲ್ಲಿ ಇನ್ನೊಂದ್ಸಲ. ಮೊದಮೊದಲು ಯುದ್ಧಕ್ಕೆ ಒಂದು ಪ್ಲಾನೇ ಇರ್ಲಿಲ್ಲ ಅಂತಾರೆ. ಎರಡನೇ ಸಲ ಹೋಗೋ ಮುಂಚೆ, ಗೆಲ್ಲೋದು ಅಂದ್ರೆ ಏನು, ಅದನ್ನ ಯಾರಾದ್ರೂ ನಂಗೆ ಬಿಡಿಸಿ ಹೇಳಿ ಅಂತ ಕೇಳ್ಕೊಂಡು ಓಡಾಡಿದ್ರಂತೆ, ಯಾರ ಕೈಲೂ ಆಗ್ಲಿಲ್ವಂತೆ. ಇದರ ಜೊತೆಗೆ ಇನ್ನೊಂದು ಪೇಪರ್ ಇಟ್ಟು ಓದ್ಬೇಕು. ಡಿಫೆನ್ಸ್ ಸೆಕ್ರೆಟರಿ ರಮ್ಸ್‌ಫೆಲ್ಡ್ ದಿನಾ ಬರೆಸ್ತಿದ್ದ ಚಿಕ್ಕ ಚಿಕ್ಕ ಮೆಮೋಗಳಿವೆ, ಸ್ನೋಫ್ಲೇಕ್ ಅಂತಿದ್ರು ಅವಕ್ಕೆ, ಅವೂ ಈ ಸಂಗ್ರಹದ ಜೊತೆ ಬಂದಿವೆ. ಅದರಲ್ಲಿ 2002ರ ಅಕ್ಟೋಬರ್ 21ರದ್ದು ಒಂದಿದೆ. ಜನರಲ್ ಫ್ರಾಂಕ್ಸ್ (ಮೆಕ್‌ನೀಲ್‌ಗೆ ಮೇಲಿನ ಕಮಾಂಡರ್) ಮತ್ತೆ ಜನರಲ್ ಮೆಕ್‌ನೀಲ್‌ನ ಭೇಟಿ ಮಾಡ್ತೀರಾ ಅಂತ ಪ್ರೆಸಿಡೆಂಟ್‌ನ ಕೇಳಿದೆ ಅಂತ ರಮ್ಸ್‌ಫೆಲ್ಡ್ ಬರೀತಾರೆ. ಯಾರು ಈ ಜನರಲ್ ಮೆಕ್‌ನೀಲ್ ಅಂದ್ರಂತೆ ಬುಷ್. ಅಫ್ಘಾನಿಸ್ತಾನ ನೋಡ್ಕೊಳ್ತಿರೋ ಜನರಲ್ ಅಂತ ಇವರು ಹೇಳಿದ್ದಕ್ಕೆ, ಅವರನ್ನ ನೋಡೋ ಅವಶ್ಯಕತೆ ಇಲ್ಲ ಅಂದ್ಬಿಟ್ರಂತೆ. ಯುದ್ಧ ಶುರುವಾಗಿ ಇನ್ನೂ ಒಂದೇ ವರ್ಷ. ಆ ಮೆಮೋ ಓದಿದ್ಮೇಲೆ ವಾಪಸ್ ಹೋಗಿ ಮೆಕ್‌ನೀಲ್ ಇಂಟರ್‌ವ್ಯೂ ಇನ್ನೊಂದ್ಸಲ ಓದಿದೆ, ಆ ಮನುಷ್ಯನ ಮಾತಿನ ಹಿಂದಿರೋ ಒಂಟಿತನ ಆಗ ಕಾಣ್ತು ನಂಗೆ. ಬ್ರಿಟನ್ನಿನ ಜನರಲ್ ಡೇವಿಡ್ ರಿಚರ್ಡ್ಸ್, 2006-07ರಲ್ಲಿ ಅಲ್ಲಿ ನೇಟೋ ಪಡೆ ನಡೆಸಿದವರು, ಅವರೂ ಹೆಚ್ಚುಕಮ್ಮಿ ಅದನ್ನೇ ಹೇಳಿದಾರೆ: ಒಂದು ಸರಿಯಾದ ದೀರ್ಘಕಾಲದ ಸ್ಟ್ರಾಟೆಜಿ ಬೇಕು ಅಂತ ಒದ್ದಾಡಿದ್ವಿ, ಸಿಕ್ಕಿದ್ದು ಬರೀ ಟ್ಯಾಕ್ಟಿಕ್ಸ್, ಅಂದ್ರೆ ಆಗಿಂದಾಗ್ಗೆ ಮಾಡೋ ಸಣ್ಣ ಸಣ್ಣ ತಂತ್ರಗಳು.

ಲೆಫ್ಟಿನೆಂಟ್ ಜನರಲ್ ಮೈಕೆಲ್ ಫ್ಲಿನ್ ಇಂಟರ್‌ವ್ಯೂನೂ ಇದೆ. ಪತ್ರಿಕೆಯವರ ಕೋರ್ಟ್ ಹೋರಾಟ ಶುರುವಾಗಿದ್ದೇ 2016ರಲ್ಲಿ ಪತ್ರಿಕೆಯವರು ಅವರ ಇಂಟರ್‌ವ್ಯೂ ಕೇಳಿದ್ದರಿಂದ. ಆಮೇಲೆ ಅವರ ರಾಜಕೀಯ ಎಲ್ಲೆಲ್ಲಿಗೋ ಹೋಯ್ತು, ಅದನ್ನ ಇಲ್ಲಿ ತರಲ್ಲ. ಆದ್ರೆ ಅವರು ಕಾಬೂಲಲ್ಲಿ ಇಂಟೆಲಿಜೆನ್ಸ್ ನೋಡ್ಕೊಂಡವರು. ಅವರು ಕೇಳೋ ಪ್ರಶ್ನೆ ಮಾತ್ರ ನೇರವಾಗಿದೆ, ರಾಯಭಾರಿಯಿಂದ ಹಿಡಿದು ಕೆಳಗಿನವರೆಗೆ ಎಲ್ಲರೂ ನಾವು ಚೆನ್ನಾಗಿ ಕೆಲಸ ಮಾಡ್ತಿದೀವಿ ಅಂತಾರೆ, ಹಾಗಿದ್ರೆ ಸೋಲ್ತಿದೀವಿ ಅಂತ ಯಾಕೆ ಅನ್ನಿಸ್ತಿದೆ? ಅದಕ್ಕೆ ಉತ್ತರ ಇನ್ನೊಬ್ಬರ ಇಂಟರ್‌ವ್ಯೂಲಿ ಸಿಗುತ್ತೆ. ಬಾಬ್ ಕ್ರೌಲಿ ಅಂತ ಆರ್ಮಿ ಕರ್ನಲ್, 2013-14ರಲ್ಲಿ ಅಲ್ಲಿ ಸಲಹೆಗಾರರಾಗಿದ್ದವರು, ಒಂದೊಂದು ಅಂಕಿಅಂಶನೂ ಆದಷ್ಟು ಚೆನ್ನಾಗಿ ಕಾಣೋ ಹಾಗೆ ತಿದ್ದಿದ್ರು ಅಂತ ಹೇಳಿದಾರೆ.

ಈ ಸಂಗ್ರಹ ಓದೋಕೆ ನಾನು ಕಂಡ್ಕೊಂಡ ದಾರಿ ಒಂದಿದೆ. ಒಂದು ಇಂಟರ್‌ವ್ಯೂ ಓದಿದ ತಕ್ಷಣ, ಆ ಯುದ್ಧ ನಡೀತಿದ್ದಾಗ ಅಧಿಕಾರಿಗಳು ಮೈಕ್ ಮುಂದೆ ಏನು ಹೇಳಿದ್ರು ಅನ್ನೋದನ್ನ ಹುಡುಕಿ ಪಕ್ಕದಲ್ಲಿ ಇಟ್ಕೊಳ್ಳಿ. 2008ರಲ್ಲಿ ಮೇಜರ್ ಜನರಲ್ ಜೆಫ್ರಿ ಷ್ಲೋಸರ್, ನಾವು ಈ ಯುದ್ಧ ಸೋಲ್ತಿದೀವಾ, ಖಂಡಿತ ಇಲ್ಲ ಅಂದಿದ್ರು. 2011ರ ಮಾರ್ಚಲ್ಲಿ, ಆಗ ಅಲ್ಲಿ ಕಮಾಂಡರ್ ಆಗಿದ್ದ ಜನರಲ್ ಪೆಟ್ರೇಯಸ್ ಕಾಂಗ್ರೆಸ್ ಮುಂದೆ ಪ್ರೋಗ್ರೆಸ್ ಆಗಿದೆ ಅಂದ್ರು. ಒಂದು ಕಡೆ ಇವು, ಇನ್ನೊಂದು ಕಡೆ ರೂಮಿನ ಬಾಗಿಲು ಹಾಕ್ಕೊಂಡು ಆಡಿದ ಮಾತು. ಇದನ್ನ ಹತ್ತು ಸಲ ಮಾಡಿ ನೋಡಿ, ಹೊಟ್ಟೇಲಿ ಸಂಕಟ ಆಗುತ್ತೆ.

ತೊಂದರೆಗಳೂ ಇವೆ, ಅದನ್ನೂ ಹೇಳ್ಬೇಕು. ಫೋನಲ್ಲಿ ಓದೋದು ಕಷ್ಟ, ಸ್ಕ್ಯಾನ್ ಮಾಡಿದ ಪುಟಗಳು, ಝೂಮ್ ಮಾಡಿ ಮಾಡಿ ಕಣ್ಣು ನೋವು ಬರುತ್ತೆ, ಲ್ಯಾಪ್‌ಟಾಪ್ ಇದ್ರೆ ಒಳ್ಳೇದು. ತುಂಬ ಕಡೆ ಇವು ಆಡಿದ ಮಾತಿನ ಅಕ್ಷರಶಃ ಪ್ರತಿ ಅಲ್ಲ, ಇಂಟರ್‌ವ್ಯೂ ಮಾಡಿದವರು ಬರ್ಕೊಂಡ ನೋಟ್ಸ್, ಹಾಗಾಗಿ ಮಾತು ಅಲ್ಲಲ್ಲಿ ತುಂಡಾಗುತ್ತೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಹೆಸರುಗಳ ಮೇಲೆ ಬಳಿದಿರೋ ಕಪ್ಪು ಮಸಿ. ಒಟ್ಟು 428 ಜನರಲ್ಲಿ 62 ಜನರ ಹೆಸರು ಮಾತ್ರ ಬಿಟ್ಟುಕೊಟ್ಟಿದಾರೆ, ಉಳಿದ 366 ಹೆಸರಿಗೆ ಮಸಿ ಬಳಿದಿದಾರೆ. ಮಾಹಿತಿ ಕೊಟ್ಟವರನ್ನ ಕಾಪಾಡೋಕೆ ಅನ್ನೋದು ಸಿಗಾರ್ ಹೇಳಿದ ಕಾರಣ. ಒಬ್ಬ ಸಣ್ಣ ನೌಕರನ ಹೆಸರು ಮುಚ್ಚಿದ್ರೆ ಒಪ್ಕೋಬಹುದು. ಆದ್ರೆ ಸಾವಿರಾರು ಸೈನಿಕರನ್ನ ಕಳಿಸೋ ತೀರ್ಮಾನ ಮಾಡಿದ ದೊಡ್ಡ ಅಧಿಕಾರಿ ಸಾರ್ವಜನಿಕ ದುಡ್ಡಲ್ಲಿ ನಡೆದ ತನಿಖೆಗೆ ಉತ್ತರ ಕೊಟ್ಟಾಗ ಆ ಹೆಸರಿನ ಮೇಲೆ ಕಪ್ಪು ಪಟ್ಟಿ ಯಾಕೆ? ಒಂದೊಂದು ಪುಟದಲ್ಲಿ ಎಷ್ಟು ನೋವಿಂದ ಮಾತಾಡಿರ್ತಾರೆ ಅಂದ್ರೆ ಇದು ಯಾರು ಅಂತ ತಿಳ್ಕೋಬೇಕು ಅನ್ಸುತ್ತೆ, ಮೇಲೆ ನೋಡಿದ್ರೆ ಮಸಿ.

ಇನ್ನೊಂದು ಕೊರತೆ, ಅಫ್ಘನ್ನರು. ನಾನೂರು ಚಿಲ್ಲರೆ ಜನರಲ್ಲಿ ಅಫ್ಘನ್ ಅಧಿಕಾರಿಗಳು ಸುಮಾರು ಇಪ್ಪತ್ತು ಜನ ಅಷ್ಟೇ. ಈ ದಾಖಲೆ ಬಂದಾಗ ಪತ್ರಿಕೆಯವರು ಕೊಟ್ಟ ಲೆಕ್ಕದಲ್ಲಿ ಸತ್ತ ಅಫ್ಘನ್ ನಾಗರಿಕರೇ ಸುಮಾರು 43,000. ಯಾರ ಮನೆ ಅಂಗಳದಲ್ಲಿ ಯುದ್ಧ ನಡೀತೋ ಅವರ ಮಾತು ಇಷ್ಟೇ ಇಷ್ಟು.

ಈಗ ನನ್ನ ಮನಸ್ಸಲ್ಲಿ ಕೊರೀತಿರೋದು. ಈ ಜನರಲ್‌ಗಳ ಮೇಲೆ ನಂಗೆ ಗೌರವನೂ ಇದೆ ಸಿಟ್ಟೂ ಇದೆ. ಸರ್ವಿಸಲ್ಲಿ ಇರುವಾಗ ಸರ್ಕಾರದ ವಿರುದ್ಧ ಬಹಿರಂಗವಾಗಿ ಮಾತಾಡೋ ಹಾಗಿಲ್ಲ, ಚುನಾಯಿತ ಸರ್ಕಾರದ ಕೆಳಗೇ ಸೈನ್ಯ ಇರ್ಬೇಕು, ಅದು ಸರಿನೇ, ಜನರಲ್‌ಗಳು ತಮಗೆ ಬೇಕಾದ ಯುದ್ಧ ಮಾತ್ರ ಮಾಡ್ತೀವಿ ಅನ್ನೋ ದೇಶ ಯಾರಿಗೂ ಬೇಡ. ಆದ್ರೆ ಅಮೆರಿಕದಲ್ಲಿ ದೊಡ್ಡ ಹುದ್ದೆಗೆ ಬರೋ ಅಧಿಕಾರಿ, ಸೆನೆಟ್ ಕಮಿಟಿ ಕೇಳಿದ್ರೆ ಸ್ವಂತ ಅಭಿಪ್ರಾಯ ಹೇಳ್ತೀನಿ ಅಂತ ಮಾತು ಕೊಟ್ಟೇ ಬರ್ತಾರೆ. ಅಂದ್ರೆ ಹೇಳೋಕೆ ಬಾಗಿಲು ಇತ್ತು. ಎರಿಕ್ ಶಿನ್ಸೆಕಿ ಆ ಬಾಗಿಲು ಬಳಸಿದ್ರು, 2003ರ ಫೆಬ್ರವರಿಯಲ್ಲಿ, ಇರಾಕ್ ಯುದ್ಧ ಶುರುವಾಗೋ ಮುಂಚೆನೇ, ಆರ್ಮಿ ಚೀಫ್ ಕುರ್ಚಿಯಲ್ಲಿ ಇದ್ದಾಗ್ಲೇ, ಗೆದ್ದ ಮೇಲೆ ಅಲ್ಲಿ ಉಳ್ಕೊಳ್ಳೋಕೆ ಲಕ್ಷಗಟ್ಟಲೆ ಸೈನಿಕರು ಬೇಕಾಗ್ತಾರೆ ಅಂತ ಸೆನೆಟ್ ಕಮಿಟಿ ಮುಂದೆ ಹೇಳಿದ್ರು. ಎರಡೇ ದಿನಕ್ಕೆ ಮೇಲಿನವರು ಅದನ್ನ ಬಹಿರಂಗವಾಗಿ ತಳ್ಳಿಹಾಕಿದ್ರು. ಗ್ರೆಗ್ ನ್ಯೂಬೋಲ್ಡ್ ಮೂರೂ ಸೇನೆಗಳ ಜಂಟಿ ಕಚೇರಿ ಜಾಯಿಂಟ್ ಸ್ಟಾಫಲ್ಲಿ ಆಪರೇಷನ್ಸ್ ಡೈರೆಕ್ಟರ್ ಆಗಿದ್ದವರು, 2002ರಲ್ಲಿ ಬಿಟ್ಟು ಬಂದ್ರು, ಇರಾಕ್ ಯುದ್ಧನ ಆಗಲೇ ಇನ್ನೂ ಗಟ್ಟಿಯಾಗಿ ವಿರೋಧಿಸ್ಬೇಕಿತ್ತು, ಮಾಡ್ಲಿಲ್ಲ ಅಂತ 2006ರಲ್ಲಿ ಪತ್ರಿಕೇಲಿ ಬರೆದು ಒಪ್ಕೊಂಡ್ರು. ಇರಾಕಲ್ಲಿ ಸೇನೆ ನಡೆಸಿದ್ದ ಜನರಲ್ ಜಾನ್ ಬಟಿಸ್ಟ್ ಪ್ರಮೋಷನ್ ಬೇಡ ಅಂತ ಬಿಟ್ಟು ಹೊರಗೆ ಬಂದು ಮಾತಾಡಿದ್ರು. ಇವರನ್ನೆಲ್ಲಾ ನೆನಪಿಟ್ಕೊಂಡು ಈ ಪುಟಗಳನ್ನ ಓದಿದ್ರೆ ಒಂದೇ ಪ್ರಶ್ನೆ ಬರುತ್ತೆ: ಇಷ್ಟು ಗೊತ್ತಿದ್ದವರು, ಕೇಳಿದಾಗ ಹೇಳ್ಬಹುದಾಗಿದ್ದವರು, ಯಾರೋ ನೋಟ್ಸ್ ಮಾಡ್ಕೊಳ್ಳೋಕೆ ಬರೋವರೆಗೂ ಯಾಕೆ ಕಾದ್ರು? ಅದೂ ಇವರು ತಾವಾಗಿ ಜನರ ಮುಂದೆ ಬಂದು ಹೇಳಿದ್ದಲ್ಲ. ಕೋರ್ಟಿಗೆ ಹೋಗಿರ್ದಿದ್ರೆ ಈ ಮಾತು ಯಾವುದೋ ಕಪಾಟಲ್ಲೇ ಇರ್ತಿತ್ತು.

ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಟ್ ಮಾಡಿದ್ದು ಆ ಮಸಿಗೆ. ಸೈನ್ಯ, ರಾಜಕೀಯ, ಪತ್ರಿಕೋದ್ಯಮ ಇದರಲ್ಲಿ ಯಾವುದರ ಬಗ್ಗೆ ಆಸಕ್ತಿ ಇದ್ರೂ ಓದಿ, ಒಂದೇ ಸಲಕ್ಕೆ ಬೇಡ, ದಿನಕ್ಕೆ ಒಂದು ಇಂಟರ್‌ವ್ಯೂ ಸಾಕು. ಲೂಟ್, ಮೆಕ್‌ನೀಲ್, ಆಮೇಲೆ ಆ ಅಕ್ಟೋಬರ್ 21ರ ಮೆಮೋ, ಈ ಆರ್ಡರಲ್ಲಿ ಓದಿ. ಲೂಟ್‌ದು ಓದುವಾಗ ಅಮೆರಿಕದ ಸೈನಿಕರ ಲೆಕ್ಕದಲ್ಲಿ 2,400 ಜೀವ ಹೋದವು ಅಂತ ಹೇಳೋ ಜಾಗ ಒಂದು ಬರುತ್ತೆ, ಇದೆಲ್ಲಾ ವ್ಯರ್ಥ ಆಯ್ತು ಅಂತ ಯಾರು ಹೇಳ್ತಾರೆ ಅಂತ ಅಲ್ಲಿ ಅವರೇ ಕೇಳ್ತಾರೆ. ಆ ಸಾಲು ಬಂದಾಗ ಬೇಗ ಮುಂದಕ್ಕೆ ಸ್ಕ್ರೋಲ್ ಮಾಡ್ಬೇಡಿ.