ಡ್ರೋನ್ ಫೋಟೋ ಕೆಡಿಸುವುದು ವೇಗವಾ, ಅಲುಗಾಟವಾ? ಮೂರು ಥರ ಹಾರಿಸಿ ನೋಡಿದೆ

10 ಸೆಂಟಿಮೀಟರ್ ಅಗಲದ ಬಿಳಿ ಡಬ್ಬಿ ಮುಚ್ಚಳಗಳನ್ನು ಬಯಲಲ್ಲಿ ಹರಡಿ, 100 ಮೀಟರ್ ಮೇಲಿಂದ ಎಷ್ಟು ಸಿಗುತ್ತವೆ ಅಂತ ಎಣಿಸಿದೆ. ನನ್ನ ಲೆನ್ಸಿಗೆ ಆ ಎತ್ತರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 3 ಸೆಂಟಿಮೀಟರ್. ಒಂದು ಮುಚ್ಚಳಕ್ಕೆ ಮೂರೇ ಪಿಕ್ಸೆಲ್! ರಾತ್ರಿ ನೋಡುವ ಉಪಕರಣಗಳ ಮೇಲೆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಜಾನ್ ಜಾನ್ಸನ್ 1958ರಲ್ಲಿ ಕೊಟ್ಟ ಲೆಕ್ಕದಲ್ಲಿ 'ಅಲ್ಲೇನೋ ಇದೆ' ಅನ್ನಲು ಸುಮಾರು ಎರಡು ಪಿಕ್ಸೆಲ್ ಬೇಕು, ಹಾಗಾಗಿ ಕಳೆದುಕೊಳ್ಳಲು ಜಾಸ್ತಿ ಏನೂ ಇರಲಿಲ್ಲ.

ಮೊದಲು ರೆಕ್ಕೆಯ ಪುಟ್ಟ ವಿಮಾನ, ಹೊಟ್ಟೆಗೇ ಸ್ಕ್ರೂ ಹಾಕಿ ಕೂರಿಸಿದ ಕ್ಯಾಮೆರಾ. ಸೆಕೆಂಡಿಗೆ 15 ಮೀಟರ್ ವೇಗ, ಶಟರ್ 1/500, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗ ತೆರೆದಿರುತ್ತದೆ. ಅಷ್ಟರಲ್ಲಿ ಅದು ಸರಿಯುವುದು 3 ಸೆಂಟಿಮೀಟರ್, ಅಂದರೆ ಒಂದು ಪಿಕ್ಸೆಲ್. ಪರವಾಗಿಲ್ಲ ಅಂದುಕೊಂಡೆ. ಆದರೆ ಗಾಳಿ ಬಡಿದು ವಿಮಾನ ಸೆಕೆಂಡಿಗೆ ಬರೀ 10 ಡಿಗ್ರಿಯಂತೆ ವಾಲಿದರೂ ಕ್ಯಾಮೆರಾದ ನೋಟ ನೆಲದ ಮೇಲೆ ಸೆಕೆಂಡಿಗೆ 17 ಮೀಟರ್ ಜಾರುತ್ತದೆ, ಹಾರುವ ವೇಗಕ್ಕಿಂತ ಜಾಸ್ತಿ! 30 ಡಿಗ್ರಿಯಾದರೆ ಮುಚ್ಚಳ ಆರೇಳು ಪಿಕ್ಸೆಲ್ಲಿನ ಓರೆ ಗೆರೆಯಾಗಿ, ಬಿಳುಪೂ ತೆಳುವಾಗಿ, ಒಣಹುಲ್ಲಿನಲ್ಲಿ ಸೇರಿಹೋಗುತ್ತದೆ. ಇನ್ನೂ ಮೇಲೆ ಹೋದರೆ ಸರಿಯಾಗುತ್ತಾ? ಇಲ್ಲ. ಮುಂದೆ ಸರಿಯುವುದರಿಂದ ಬರುವ ಮಸುಕು ಎತ್ತರ ಹೆಚ್ಚಿದಂತೆ ಪಿಕ್ಸೆಲ್ ಲೆಕ್ಕದಲ್ಲಿ ಇಳಿಯುತ್ತದೆ, ವಾಲುವುದರಿಂದ ಬರುವುದು ಹಾಗೇ ಉಳಿಯುತ್ತದೆ. 1/2000ಕ್ಕೆ ಹೋದಾಗ ಗೆರೆಗಳು ಮಾಯವಾದವು, ಆದರೆ ಬೆಳಕು ಕಾಲು ಭಾಗಕ್ಕಿಳಿದು ಸಂಜೆಯ ಫೋಟೋ ತುಂಬಾ ಮರಳು ಮರಳು.

ಎರಡನೆಯದು ಹಲವು ಫ್ಯಾನುಗಳ ಮಲ್ಟಿಕಾಪ್ಟರ್. ಡ್ರೋನ್ ವಾಲಿದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರು ಹಿಡಿಕೆ, ಅಂದರೆ ಗಿಂಬಲ್, ಲಾಕ್ ಮಾಡಿ ಬರೀ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್, ಅಂದರೆ ಅಲುಗಿದ ಚಿತ್ರವನ್ನು ಸಾಫ್ಟ್‌ವೇರ್ ಸರಿಸಿ ಕೂರಿಸುವುದು. ವಿಡಿಯೋ ಅಂಟಿಸಿದ ಹಾಗೆ ನಿಲ್ಲುತ್ತದೆ, ನೋಡಲು ಚೆಂದ. ನಿಲ್ಲಿಸಿ ಒಂದೊಂದೇ ಫ್ರೇಮ್ ನೋಡಿದರೆ ಗೊತ್ತಾಗುತ್ತದೆ ಬಣ್ಣ: ಒಂದರಲ್ಲಿ ಮುಚ್ಚಳ ಚೂಪಾಗಿದೆ, ಮುಂದಿನದರಲ್ಲಿ ಸವರಿದಂತಿದೆ. ಶಟರ್ ಮುಚ್ಚಿದ ಮೇಲೆ ಚಿತ್ರವನ್ನು ಸರಿಸಿ ಕೂರಿಸಬಹುದು, ಸವರಿಹೋದದ್ದನ್ನು ಹಾಗೆ ಸರಿಮಾಡಲು ಆಗಲ್ಲ, ಅಲ್ವಾ? ಜೊತೆಗೆ ಈ ಕ್ಯಾಮೆರಾದ ರೋಲಿಂಗ್ ಶಟರ್ ಚಿತ್ರವನ್ನು ಒಂದೇ ಸಲಕ್ಕಲ್ಲ, ಸಾಲು ಸಾಲಾಗಿ ಓದುವುದರಿಂದ ಮೋಟಾರಿನ ನಡುಕಕ್ಕೆ ನೇರ ಬೇಲಿಯೂ ಅಲೆಯಾಯಿತು. ಇದನ್ನು ನಾನು ಮತ್ತೆ ಬಳಸಲ್ಲ.

ಮೂರನೆಯದಾಗಿ, ಗಿಂಬಲ್‌ನ ಲಾಕ್ ತೆಗೆದು ಅದೇ ಕಾಪ್ಟರ್ ಹಾರಿಸಿದಾಗ 1/500ರಲ್ಲೇ ಎಲ್ಲ ಮುಚ್ಚಳಗಳನ್ನೂ ಎಣಿಸಿದೆ. ಚಿಕ್ಕ ಜಾಗ, ಚಿಕ್ಕ ಗುರಿ ಅಂದರೆ ಇದೇ. ಆದರೆ ಗಿಂಬಲ್ ಅಳಿಸುವುದು ವಾಲಾಟವನ್ನು ಮಾತ್ರ. ಮುಂದೆ ಸರಿಯುವ ಮಸುಕು ಕಡಿಮೆ ಮಾಡಲು ನಿಧಾನ ಹೋಗಬೇಕು, ನಿಧಾನ ಹೋದರೆ ಅರ್ಧ ಬಯಲಿಗೇ ಬ್ಯಾಟರಿ ಖಾಲಿ.

ದೊಡ್ಡ ಬಯಲಿಗೆ ಈಗಲೂ ವಿಮಾನವನ್ನೇ ಒಯ್ಯುತ್ತೇನೆ, ಗಾಳಿ ಏಳುವ ಮುಂಚೆ. ತಿರುವಿನಲ್ಲಿ ತೆಗೆದ ಫೋಟೋಗಳನ್ನು ನೋಡದೆಯೇ ಅಳಿಸುತ್ತೇನೆ.