ತಾರಸಿಯ ಸೌರ ಘಟಕ: ದಾವಣಗೆರೆಯ ಒಂದು ಮನೆಯ ಅನುಭವ

ನಿಟುವಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ 2024ರ ಮೇ ತಿಂಗಳಲ್ಲಿ ಊರಿನದೇ ಒಂದು ಸಂಸ್ಥೆಯಿಂದ 540 ವ್ಯಾಟ್‌ನ ಆರು ಪ್ಯಾನೆಲ್‌ಗಳನ್ನು ಹಾಕಿಸಿದೆವು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಕ್ಕೆ ಸಿಗುವ 78,000 ರೂಪಾಯಿ ಸಹಾಯಧನ ನಮ್ಮ ಖಾತೆಗೆ ಬಂದಿತು; ಅರ್ಜಿ ತುಂಬುವುದರಿಂದ ಹಿಡಿದು, ಬೆಸ್ಕಾಂನ ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ ಕೂರುವವರೆಗಿನ ಓಡಾಟವನ್ನೆಲ್ಲ ಸಂಸ್ಥೆಯವರೇ ಮಾಡಿಕೊಟ್ಟರು. ಚೌಕಟ್ಟಿನ ಕೆಲಸವಂತೂ ಬಹಳ ಅಚ್ಚುಕಟ್ಟು. ತಾರಸಿಗೆ ರಂಧ್ರ ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕಾಲುಗಳನ್ನು ನಿಲ್ಲಿಸಿದ್ದರಿಂದ ಎರಡು ಮಳೆಗಾಲ ಕಳೆದರೂ ಒಂದು ಹನಿ ಸೋರಿಲ್ಲ.

ಅವರು ಎಡವಿದ್ದು ನೆರಳಿನ ಲೆಕ್ಕದಲ್ಲಿ. ಜಾಗ ನೋಡಲು ಬಂದದ್ದು ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ. ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಊರಿನಲ್ಲಿ ಆ ದಿನಗಳಲ್ಲಿ ಸೂರ್ಯ ನಡುನೆತ್ತಿಯ ಮೇಲೆಯೇ ಇರುವುದರಿಂದ, ನೀರಿನ ಟ್ಯಾಂಕಿನ ನೆರಳು ಅದರ ಬುಡದಲ್ಲೇ ಮುದುಡಿಕೊಂಡಿತ್ತು. ಅದನ್ನೇ ನಂಬಿ ಟ್ಯಾಂಕಿನ ಉತ್ತರಕ್ಕೆ ಪ್ಯಾನೆಲ್ ಜೋಡಿಸಿದರು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದೇ ನೆರಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೊಂದರಂತೆ ಮೂರು ಪ್ಯಾನೆಲ್‌ಗಳ ಮೇಲೆ ಹಾದುಹೋಗುತ್ತಿತ್ತು. ಆರೂ ಪ್ಯಾನೆಲ್‌ಗಳು ಒಂದೇ ಸರಣಿಯಲ್ಲಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಅಷ್ಟಕ್ಕೇ ನಿಲ್ಲದೆ ಇಡೀ ಸರಣಿಯನ್ನು ಕುಗ್ಗಿಸುತ್ತದೆ. ಮೋಡವೇ ಇಲ್ಲದ ದಿನವೂ ಇನ್ವರ್ಟರ್ 8 ಯೂನಿಟ್ ದಾಟಲಿಲ್ಲ. ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಿದ ಮರುದಿನ 13 ತೋರಿಸಿತು. ಪೈಪು ಬದಲಿಸಿದ ಖರ್ಚಿನಲ್ಲಿ ಅರ್ಧವನ್ನು ಸಂಸ್ಥೆ ಕೊಟ್ಟಿತು, ಅದೂ ಮೂರು ಸಲ ಕೇಳಿದ ಮೇಲೆ. ಇಂಥ ಕೆಲಸವನ್ನೇ ವೃತ್ತಿಯಾಗಿಸಿಕೊಂಡವರು ಮಾಗಿಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ನನಗೆ ಈಗಲೂ ಬೇಸರದ ಸಂಗತಿ.

ಕರೆಂಟ್ ಹೋದಾಗ ಉರಿ ಬಿಸಿಲಿದ್ದರೂ ಈ ಘಟಕ ನಿಂತುಬಿಡುತ್ತದೆ ಎಂಬುದನ್ನೂ ಅವರು ಮೊದಲೇ ಹೇಳಬೇಕಿತ್ತು. ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಜೀವರಕ್ಷಣೆಗಾಗಿ ಮಾಡಿರುವ ಏರ್ಪಾಡು ಅದು, ಸರಿಯಾದದ್ದೇ. ಆದರೆ ಬ್ಯಾಟರಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮುನ್ನ ಗ್ರಾಹಕರಿಗೆ ಅದು ತಿಳಿದಿರಬೇಕು.

ಧೂಳು ತೊಳೆಯುವ ಕೆಲಸ ನಮ್ಮದೇ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಬಟ್ಟೆಯಿಂದ ಒರೆಸಿದರೆ ನಮ್ಮಲ್ಲಿ ಸಾಕು, ಮಂಡಕ್ಕಿ ಭಟ್ಟಿಗಳ ಆಸುಪಾಸಿನ ತಾರಸಿಗಳಲ್ಲಿ ಮಸಿ ಕೂರುವುದರಿಂದ ಅಷ್ಟು ಸಾಲದು.

ಗೃಹಜ್ಯೋತಿಯಡಿ ಬಿಲ್ಲೇ ಬಾರದ ಮನೆಗೆ ಇದರಿಂದ ಹಣ ಉಳಿಯುವುದು ಕಡಿಮೆ. ತಿಂಗಳಿಗೆ 300 ಯೂನಿಟ್ ದಾಟುವ ನಮ್ಮಂಥ ಮನೆಗೆ, ಸುಮಾರು 300 ಚದರ ಅಡಿ ಬಯಲು ತಾರಸಿಯಿದ್ದರೆ, ಧೈರ್ಯವಾಗಿ ಹಾಕಿಸಬಹುದು. ಡಿಸೆಂಬರ್ ತಿಂಗಳ ನೆರಳಿನ ನಕ್ಷೆಯನ್ನು ಕಾಗದದ ಮೇಲೆ ಪಡೆದ ನಂತರವೇ ಮುಂಗಡ ಕೊಡಬೇಕು. ನಮ್ಮ ದಕ್ಷಿಣಕ್ಕಿರುವ ನಿವೇಶನ ಇನ್ನೂ ಖಾಲಿಯಿದೆ. ಅಲ್ಲಿ ಮೂರು ಅಂತಸ್ತು ಎದ್ದರೆ ಚೌಕಟ್ಟನ್ನು ಎಷ್ಟು ಎತ್ತರಿಸಬೇಕಾಗುತ್ತದೆ ಎಂದು ಸಂಸ್ಥೆಯವರನ್ನು ಕೇಳಿದ್ದೇನೆ; ಈ ವಾರ ಅಳತೆಗೆ ಬರುವುದಾಗಿ ಹೇಳಿದ್ದಾರೆ.