ಸೇಲ್‌ನಲ್ಲಿ ಹಿಲ್ಟನ್ ಪಾಯಿಂಟ್ಸ್ ತಗೊಂಡೆ, ನಮಗಂತೂ ಚೆನ್ನಾಗಿ ಉಳೀತು

ಹಿಲ್ಟನ್ ಆನರ್ಸ್ (ಹಿಲ್ಟನ್ ಹೋಟೆಲ್‌ಗಳ ಮೆಂಬರ್‌ಶಿಪ್ ಸ್ಕೀಮು, ಪಾಯಿಂಟ್ಸ್ ಕೊಟ್ಟು ರೂಮು ಬುಕ್ ಮಾಡ್ಬಹುದು) ಪಾಯಿಂಟ್‌ಗೆ ಮಾಮೂಲಿ ರೇಟು 1 ಸೆಂಟ್, 100% ಬೋನಸ್ ಸೇಲ್ (ಕೊಂಡಷ್ಟೇ ಪಾಯಿಂಟ್ಸ್ ಫ್ರೀ) ಬಂದಾಗ ಅರ್ಧ ಸೆಂಟ್‌ಗೇ ಬೀಳುತ್ತೆ, ಊರಿಂದ ಅಪ್ಪ ಅಮ್ಮ ಬಂದಿದ್ರು ಅಂತ ನಾನು ಆಗ್ಲೇ ತಗೊಂಡ್ಬಿಟ್ಟೆ. ರಾತ್ರಿಗೆ 40,000 ಪಾಯಿಂಟ್ಸ್ ರೂಮು, ಅಂದ್ರೆ 200 ಡಾಲರ್, ಅದೇ ರೂಮಿಗೆ ಕ್ಯಾಶ್ ರೇಟು ಟ್ಯಾಕ್ಸ್ ಸೇರಿ 310 ತೋರಿಸ್ತಿತ್ತು. ಪೂರ್ತಿ ಪಾಯಿಂಟ್ಸಲ್ಲೇ ಬುಕ್ ಮಾಡಿದ್ರೆ ರೆಸಾರ್ಟ್ ಫೀ (ರೂಮು ರೇಟಿನ ಮೇಲೆ ಕೆಲವು ಹೋಟೆಲ್‌ಗಳು ಹಾಕೋ ಎಕ್ಸ್‌ಟ್ರಾ ಚಾರ್ಜು) ಇಲ್ಲ, ಸಿಲ್ವರ್ ಅಥವಾ ಅದಕ್ಕಿಂತ ಮೇಲಿನ ಲೆವೆಲ್ ಮೆಂಬರ್ ಆಗಿದ್ರೆ ಐದನೇ ರಾತ್ರಿ ಫ್ರೀ ಬೇರೆ, ಹಾಗಾಗಿ 5 ರಾತ್ರಿಗೆ 800 ಡಾಲರಲ್ಲೇ ಮುಗೀತು! ಅಮ್ಮ ಬಾಲ್ಕನಿಲಿ ಕಾಫಿ ಹಿಡ್ಕೊಂಡು ಸಮುದ್ರ ನೋಡ್ತಾ ಕೂತಿದ್ದು ಇನ್ನೂ ಕಣ್ಮುಂದೆ ಇದೆ. ನಿಮ್ಮ ಡೇಟ್‌ಗೆ ಪಾಯಿಂಟ್ಸಲ್ಲಿ ರೂಮು ಸಿಗುತ್ತಾ ನೋಡ್ಕೊಂಡೇ ಕೊಳ್ಳಿ, ಒಮ್ಮೆ ಕೊಂಡ್ರೆ ದುಡ್ಡು ವಾಪಸ್ ಬರಲ್ಲ. ಇಂಡಿಯಾ ಕಾರ್ಡಾದ್ರೆ ಫಾರೆಕ್ಸ್ ಮಾರ್ಕಪ್ಪೂ (ಡಾಲರಲ್ಲಿ ಕಟ್ಟಿದಾಗ ಬ್ಯಾಂಕ್ ಹಾಕೋ ಎಕ್ಸ್‌ಟ್ರಾ ಚಾರ್ಜು) ಲೆಕ್ಕಕ್ಕೆ ಸೇರಿಸ್ಕೊಳ್ಳಿ.